ಹಾಸಿಗೆಯ ಉದ್ದ ಮಕ್ಕಳಿಗೂ ಗೊತ್ತಿರಲಿ

ಕುದುರೆಮುಖದಿಂದ ಕಳಸ, ಕಳಸದಿಂದ ಕೊಟ್ಟಿಗೆಹಾರ, ಅಲ್ಲಿಂದ ಮೂಡಿಗೆರೆ. ಈ ಒಂದೇ ಬಸ್ಸಿನ ದಾರಿಯಲ್ಲಿ ಮೂರು ಬಗೆಯ ಮನೆಗಳಿವೆ: ಸಂಬಳದ ಮನೆ, ಬೆಳೆಯ ಮನೆ, ಬಟವಾಡೆಯ ಮನೆ. ಮೊದಲನೆಯ ಮನೆಗೆ ದುಡ್ಡು ತಿಂಗಳಿಗೊಮ್ಮೆ ಬರುತ್ತದೆ, ಎರಡನೆಯದಕ್ಕೆ ವರ್ಷಕ್ಕೊಮ್ಮೆ, ಮೂರನೆಯದಕ್ಕೆ ವಾರಕ್ಕೊಮ್ಮೆ. ಮೂರೂ ಮನೆಯ ಮಕ್ಕಳು ಎಷ್ಟೋ ಕಡೆ ಒಂದೇ ಶಾಲೆಯಲ್ಲಿ, ಒಂದೇ ಬೆಂಚಿನಲ್ಲಿ ಕೂತು ಅದೇ ಸರಳಬಡ್ಡಿ, ಚಕ್ರಬಡ್ಡಿ ಲೆಕ್ಕ ಮಾಡುತ್ತಾರೆ. ಆದರೆ ಮನೆಗೆ ಹೋದ ಮೇಲೆ ಅವರು ಕಾಣುವ ದುಡ್ಡಿನ ನಡೆಯೇ ಬೇರೆ ಬೇರೆ.

ಮಕ್ಕಳಿಗೆ ಹಣದ ಪಾಠ ಹೇಳಿಕೊಡುವ ಪುಸ್ತಕಗಳು, ವಿಡಿಯೋಗಳು ಈಗ ಬೇಕಾದಷ್ಟಿವೆ. ಅವುಗಳಲ್ಲಿ ಹೆಚ್ಚಿನವು ಸಂಬಳದ ಮನೆಗಾಗಿಯೇ ಮಾಡಿದವು. ತಿಂಗಳಿಗಿಷ್ಟು ಪಾಕೆಟ್ ಮನಿ ಕೊಡಿ, ಮೂರು ಡಬ್ಬಿ ಇಡಿ, ಒಂದರಲ್ಲಿ ಖರ್ಚು, ಒಂದರಲ್ಲಿ ಉಳಿತಾಯ, ಒಂದರಲ್ಲಿ ದಾನ. ಬೆಂಗಳೂರಿನ ಅಪಾರ್ಟ್‌ಮೆಂಟಿಗೆ ಇದು ಸರಿ ಹೊಂದಬಹುದು. ಮಾರ್ಚಿನಲ್ಲಿ ಕೈತುಂಬ ದುಡ್ಡಿದ್ದು, ಆಗಸ್ಟಿನಲ್ಲಿ ಒಡವೆ ಅಡವಿಡುವ ಮನೆಯಲ್ಲಿ ತಿಂಗಳ ಪಾಕೆಟ್ ಮನಿ ಎಂದರೆ ಮಗುವಿಗೆ ಸುಳ್ಳು ಹೇಳಿದ ಹಾಗೆ. ಮನೆಯಲ್ಲೇ ಇಲ್ಲದ ಒಂದು ಕ್ರಮವನ್ನು ಅದಕ್ಕೆ ಕಲಿಸುತ್ತಿರುತ್ತೇವೆ.

ಹಾಸಿಗೆ ಇದ್ದಷ್ಟು ಕಾಲು ಚಾಚು ಅನ್ನುವ ಗಾದೆಯನ್ನು ಮಕ್ಕಳಿಗೆ ಹೇಳದ ಅಪ್ಪ ಅಮ್ಮ ನಮ್ಮಲ್ಲಿಲ್ಲ. ಆದರೆ ಆ ಹಾಸಿಗೆಯನ್ನು ಬಿಡಿಸಿ, ಇಗೋ ಇಷ್ಟುದ್ದ ಇದೆ ನೋಡು ಅಂತ ತೋರಿಸಿದವರು ಎಷ್ಟು ಜನ? ತೋಟದ ಲೆಕ್ಕದ ಪುಸ್ತಕ ಬೀರುವಿನಲ್ಲಿರುತ್ತದೆ, ಬೀಗದ ಕೈ ಅಪ್ಪನ ಬಳಿ. ಮಕ್ಕಳಿಗೆ ಕೇಳಿಸುವುದು 'ಈಗ ದುಡ್ಡಿಲ್ಲ' ಅನ್ನುವ ಮಾತು ಮಾತ್ರ. ಅದೂ ಪಕ್ಕದ ಮನೆಯವರ ಹೊಸ ಜೀಪು ನೋಡಿ ಬಂದ ದಿನ.

ಸಂಬಳದ ಮನೆಯಿಂದಲೇ ಶುರು ಮಾಡೋಣ. ಕುದುರೆಮುಖ ಕಬ್ಬಿಣದ ಅದಿರು ಕಂಪನಿ ಹುಟ್ಟಿದ್ದು 1976ರಲ್ಲಿ. ದಟ್ಟ ಮಳೆಕಾಡಿನ ನಡುವೆ ಕ್ವಾರ್ಟರ್ಸು, ಆಸ್ಪತ್ರೆ, ಶಾಲೆ, ಅಂಗಡಿ ಸಾಲು ಎಲ್ಲ ಇರುವ ಒಂದು ಊರೇ ಎದ್ದು ನಿಂತಿತು. ಅಲ್ಲಿ ಬೆಳೆದ ಮಕ್ಕಳಿಗೆ ಬಾಡಿಗೆ, ಕರೆಂಟು, ಡಾಕ್ಟರ ಫೀಜು ಇವೆಲ್ಲ ದುಡ್ಡು ಕೊಟ್ಟು ಪಡೆಯುವ ವಸ್ತುಗಳು ಅಂತ ಅನ್ನಿಸಲು ಕಾರಣವೇ ಇರಲಿಲ್ಲ. ಸುತ್ತಲಿನ ಕಾಡು 1987ರಲ್ಲಿ ರಾಷ್ಟ್ರೀಯ ಉದ್ಯಾನವಾಯಿತು. 2002ರ ಅಕ್ಟೋಬರಿನಲ್ಲಿ ಸುಪ್ರೀಂ ಕೋರ್ಟು ಗಣಿಗಾರಿಕೆ ನಿಲ್ಲಿಸಲು ಹೇಳಿತು. 2005ರ ಡಿಸೆಂಬರ್ ಕೊನೆಗೆ ಗಣಿ ನಿಂತಿತು. ಕಾಡಿನ ಮಟ್ಟಿಗೆ ಅದು ಒಳ್ಳೆಯ ತೀರ್ಪು, ಅದರಲ್ಲಿ ನನಗೆ ಅನುಮಾನವಿಲ್ಲ. ಆದರೆ ಮನೆಗಳ ಮಟ್ಟಿಗೆ, ತಿಂಗಳ ಮೊದಲ ವಾರ ಸೂರ್ಯ ಹುಟ್ಟಿದಷ್ಟೇ ಖಚಿತವಾಗಿ ಬರುತ್ತಿದ್ದ ಸಂಬಳಕ್ಕೆ ಒಂದು ಕೊನೆಯ ತಾರೀಕು ಬಂತು. ಕೆಲವರು ಮಂಗಳೂರಿನ ಪಣಂಬೂರಿನ ಘಟಕಕ್ಕೆ ಹೋದರು. ಕೆಲವರು ಸ್ವಯಂ ನಿವೃತ್ತಿಯ ಗಂಟು ತೆಗೆದುಕೊಂಡು ಊರಿಗೆ ಮರಳಿದರು. ಗುತ್ತಿಗೆಯಲ್ಲಿ ದುಡಿಯುತ್ತಿದ್ದವರಿಗೆ ಆ ಗಂಟೂ ಇಲ್ಲ. ಕೂತು ತಿಂದರೆ ಕುಡಿಕೆ ಹೊನ್ನೂ ಸಾಲದು ಅನ್ನುವುದನ್ನು ಆ ಮಕ್ಕಳು ಪಾಠದಲ್ಲಿ ಓದಲಿಲ್ಲ, ಪೇಟೆಯ ಬಾಡಿಗೆ ಮನೆಯಲ್ಲಿ ಕಲಿತರು.

ಅಲ್ಲಿ ಆ ಮೂರು ವರ್ಷದ ಅವಧಿ ಮುಖ್ಯ. 2002ರಿಂದ 2005. ತೀರ್ಪು ಎಲ್ಲರಿಗೂ ಗೊತ್ತಿತ್ತು, ತಾರೀಕೂ ಗೊತ್ತಿತ್ತು. ಅಂಥ ಸಮಯದಲ್ಲಿ ಮನೆಯ ಹತ್ತು ಹನ್ನೆರಡು ವರ್ಷದ ಮಗುವನ್ನು ಕೂರಿಸಿಕೊಂಡು, ಇನ್ನಿಷ್ಟು ತಿಂಗಳು ಸಂಬಳ ಇದೆ, ಆಮೇಲೆ ಹೀಗೆ ಅಂತ ಹೇಳುವುದು ಕಷ್ಟದ ಕೆಲಸ. ಆದರೂ ಹೇಳಬೇಕು.

ಬೆಳೆಯ ಮನೆಯ ಕತೆ ಇದಕ್ಕಿಂತ ಗೋಜಲು. ಇಲ್ಲಿ ದುಡ್ಡಿಗೆ ಋತುಮಾನವಿದೆ. ನವೆಂಬರಿಗೆ ಅರೇಬಿಕಾ ಕೊಯ್ಲು ಶುರು, ಹೊಸ ವರ್ಷದ ಹೊತ್ತಿಗೆ ರೋಬಸ್ಟಾ, ಫೆಬ್ರವರಿ ಮಾರ್ಚಿಗೆ ಕಾಳುಮೆಣಸು. ಕಣದಲ್ಲಿ ಒಣಗಿದ ಕಾಫಿ ಚೀಲಕ್ಕೆ ಬಿದ್ದು ಲಾರಿ ಹತ್ತಿದ ದಿನ ಮನೆಯಲ್ಲಿ ಲಕ್ಷದ ಮಾತು. ಹೂವಿನ ಮಳೆ ಬಂದಿತೋ ಇಲ್ಲವೋ ಅನ್ನುವ ಆತಂಕದಲ್ಲಿ ಏಪ್ರಿಲ್ ಕಳೆಯುತ್ತದೆ. ಜೂನಿಗೆ ಶಾಲೆ ಶುರುವಾಗುವಾಗ ಗೊಬ್ಬರಕ್ಕೂ ದುಡ್ಡು, ಫೀಜಿಗೂ ದುಡ್ಡು, ಕೊಡೆಗೂ ದುಡ್ಡು. ಆಗಸ್ಟಿನ ಮಳೆಯಲ್ಲಿ ಕಾಯಿ ಉದುರುತ್ತಿರುವಾಗ ವ್ಯಾಪಾರಿಯ ಹತ್ತಿರ ಮುಂದಿನ ಬೆಳೆಯ ಮೇಲೆ ಮುಂಗಡ. ಹೀಗೆ ವರ್ಷ ಸುತ್ತುತ್ತದೆ. ಮಗು ಕಾಣುವುದು ಎರಡೇ ದೃಶ್ಯ: ಮಾರ್ಚಿನ ಕಂತೆ ನೋಟು, ಆಗಸ್ಟಿನ ಗೊಣಗಾಟ. ಉಳಿದ ಹತ್ತು ತಿಂಗಳು ಅದಕ್ಕೆ ಕಾಣುವುದೇ ಇಲ್ಲ.

ಒಂದು ಲೆಕ್ಕ ಹೇಳುತ್ತೇನೆ. ನಮ್ಮ ಪೇಟೆಯಲ್ಲಿ ರೋಬಸ್ಟಾ ಚೆರ್ರಿಯನ್ನು ಓಟಿ ಮೇಲೆ ಕೊಳ್ಳುತ್ತಾರೆ. 50 ಕೆಜಿ ಚೀಲದ ಚೆರ್ರಿಯ ಸಿಪ್ಪೆ ತೆಗೆದರೆ ಎಷ್ಟು ಕೆಜಿ ಬೀಜ ಸಿಗುತ್ತದೋ ಅದೇ ಓಟಿ. ಓಟಿ 28 ಬಂದು, ದರ 400 ಇದ್ದರೆ ಒಂದು ಚೀಲಕ್ಕೆ 11,200 ರೂಪಾಯಿ. ಓಟಿ 26 ಆದರೆ 10,400. ಹಸಿ ಕಾಯಿ ಸೇರಿಸಿ ಕೊಯ್ದದ್ದಕ್ಕೆ ಚೀಲಕ್ಕೆ 800 ರೂಪಾಯಿ ಹೋಯಿತು ಅನ್ನುವುದನ್ನು ಏಳನೇ ತರಗತಿಯ ಹುಡುಗ ಎರಡು ನಿಮಿಷದಲ್ಲಿ ಲೆಕ್ಕ ಹಾಕಬಲ್ಲ. ಈಗ 28ರ ಓಟಿಯಲ್ಲಿ ನಲವತ್ತು ಚೀಲ ಮಾರಿದೆವು ಅಂತಿಟ್ಟುಕೊಳ್ಳಿ: 4,48,000. ಕೊಯ್ಲಿನ ಕೂಲಿ, ಗೊಬ್ಬರ, ಕಳೆ, ನೀರು ಹಾಯಿಸಿದ ಡೀಸೆಲ್, ಮರಗಸಿ, ಸೊಸೈಟಿ ಸಾಲ ಎಲ್ಲ ಕಳೆದು ಅರ್ಧ ಉಳಿಯಿತು ಅನ್ನಿ. 2,24,000. ಅದನ್ನು ಹನ್ನೆರಡರಿಂದ ಭಾಗಿಸಲು ಮಗನಿಗೆ ಹೇಳಿ. ತಿಂಗಳಿಗೆ 18 ಸಾವಿರ ಚಿಲ್ಲರೆ. ನಾಲ್ಕೂವರೆ ಲಕ್ಷದ ಸಾಹುಕಾರರ ಮಗ ಆ ಭಾಗಾಕಾರದ ಕೊನೆಯಲ್ಲಿ ತಾನು ಯಾರೆಂದು ನೋಡುತ್ತಾನೆ. ಇದಕ್ಕೆ ಬೈಗುಳ ಬೇಡ, ಉಪದೇಶ ಬೇಡ, ಒಂದು ಪೆನ್ಸಿಲ್ ಸಾಕು.

ಹಿಂದೆ ಈ ಭಾಗಾಕಾರವನ್ನು ಸರ್ಕಾರವೇ ಮಾಡಿಕೊಡುತ್ತಿತ್ತು. 1942ರ ಕಾಫಿ ಕಾಯ್ದೆಯ ಪ್ರಕಾರ ಬೆಳೆಗಾರ ತನ್ನ ಬೆಳೆಯನ್ನು ಕಾಫಿ ಮಂಡಳಿಯ ಪೂಲಿಗೆ ಕೊಡಬೇಕಿತ್ತು. ಕೊಟ್ಟಾಗ ಒಂದಿಷ್ಟು ಹಣ, ಉಳಿದದ್ದು ಕಂತು ಕಂತಾಗಿ, ಎಷ್ಟೋ ತಿಂಗಳ ಮೇಲೆ. ಬೋರ್ಡಿನ ಕಂತಿಗೆ ಕಾದು ಕಾದು ನಮ್ಮ ಹಿರಿಯರು ಅದನ್ನು ಬೈದದ್ದಕ್ಕೆ ಲೆಕ್ಕವಿಲ್ಲ. ಬೈಯಲು ಕಾರಣವೂ ಇತ್ತು. ಬೆಳೆದವನಿಗೇ ತನ್ನ ಬೆಳೆಯ ಮೇಲೆ ಹಕ್ಕಿರಲಿಲ್ಲ. 1992ರಿಂದ ಈ ಕಟ್ಟು ಹಂತಹಂತವಾಗಿ ಸಡಿಲಾಗಿ 1996ಕ್ಕೆ ಪೂರ್ತಿ ಬಿಚ್ಚಿಕೊಂಡಿತು. ನಡುವೆ 1994ರಲ್ಲಿ ಬ್ರೆಜಿಲ್ಲಿನಲ್ಲಿ ಹಿಮ ಬಿದ್ದು ಅಲ್ಲಿನ ಗಿಡ ಸುಟ್ಟು, ಇಲ್ಲಿ ಬೆಲೆ ಹಾರಿತು. ಮೊದಲ ಸಲ ಇಡೀ ಬೆಳೆಯ ದುಡ್ಡು ಒಟ್ಟಿಗೆ ಕೈಗೆ ಬಂತು. ಆ ವರ್ಷಗಳಲ್ಲಿ ಎದ್ದ ಮನೆಗಳು, ಬಂದ ಕಾರುಗಳು, ನಡೆದ ಮದುವೆಗಳು ಮಲೆನಾಡಿನಲ್ಲಿ ಇಂದಿಗೂ ಮಾತಿನ ವಿಷಯ.

ಆಮೇಲೆ ಇಳಿಯಿತು. 2001ರಲ್ಲಿ ನ್ಯೂಯಾರ್ಕ್ ಪೇಟೆಯಲ್ಲಿ ಅರೇಬಿಕಾ ಪೌಂಡಿಗೆ ಅರ್ಧ ಡಾಲರಿಗಿಂತ ಕೆಳಗೆ ಬಿತ್ತು. ವಿಯೆಟ್ನಾಮಿನ ಹೊಸ ತೋಟಗಳಿಂದ ರೋಬಸ್ಟಾ ಹೊಳೆಯಂತೆ ಹರಿಯುತ್ತಿತ್ತು. ಕೊಯ್ಲಿನ ಕೂಲಿಯೂ ಹುಟ್ಟದೆ ಹಣ್ಣನ್ನು ಗಿಡದಲ್ಲೇ ಬಿಟ್ಟವರಿದ್ದರು. ಆಗ ಹೈಸ್ಕೂಲಿನಲ್ಲಿದ್ದ ಮಕ್ಕಳು ಈಗ ನಲವತ್ತರ ಆಸುಪಾಸಿನ ಅಪ್ಪ ಅಮ್ಮಂದಿರು. ಇವರ ಮಕ್ಕಳ ಕಾಲಕ್ಕೆ ಚಕ್ರ ಮತ್ತೆ ಮೇಲಕ್ಕೆ ಬಂದಿದೆ. 2025ರ ಫೆಬ್ರವರಿಯಲ್ಲಿ ಅದೇ ನ್ಯೂಯಾರ್ಕ್ ಪೇಟೆಯಲ್ಲಿ ಅರೇಬಿಕಾ ಪೌಂಡಿಗೆ ನಾಲ್ಕು ಡಾಲರ್ ದಾಟಿ ದಾಖಲೆ ಬರೆಯಿತು. ಇವತ್ತು ಐದನೇ ತರಗತಿಯಲ್ಲಿರುವ ಮಗು ಬುದ್ಧಿ ಬಂದಾಗಿನಿಂದ ಹೆಚ್ಚಾಗಿ ಕಂಡಿರುವುದು ಏರುವ ಬೆಲೆಯನ್ನೇ. ಬೆಲೆ ಬೀಳುತ್ತದೆ ಅಂತ ಅದಕ್ಕೆ ಯಾರು ಹೇಳಬೇಕು? ಬಿದ್ದದ್ದನ್ನು ಕಂಡ ಅಪ್ಪನೇ ಹೇಳಬೇಕು. ಆದರೆ ಅಪ್ಪ ಬೆಲೆ ಬಿದ್ದ ಆ ವರ್ಷಗಳ ಮಾತೇ ಎತ್ತುವುದಿಲ್ಲ. ಕಷ್ಟವನ್ನು ಮಕ್ಕಳ ಮುಂದೆ ಆಡಬಾರದು ಅನ್ನುವುದು ನಮ್ಮ ಮನೆಗಳ ಒಂದು ಮರ್ಯಾದೆ. ಈ ಮರ್ಯಾದೆ ನಮಗೆ ದುಬಾರಿಯಾಗಿದೆ ಅಂತ ನನಗನ್ನಿಸುತ್ತದೆ. ಸಾಲದ ಭಯವನ್ನು ಮಗುವಿನ ತಲೆಗೆ ತುಂಬಬೇಕಿಲ್ಲ, ನಿಜ. ಸಾಲದ ಲೆಕ್ಕವನ್ನು ಹೇಳಬಹುದಲ್ಲ.

ಹಾಗೆ ನೋಡಿದರೆ ಮಲೆನಾಡಿನ ಅಡುಗೆಮನೆ ಈ ಪಾಠವನ್ನು ಎಂದಿನಿಂದಲೂ ಮಾಡುತ್ತಲೇ ಬಂದಿದೆ. ಮೇ ತಿಂಗಳಲ್ಲಿ ಹಲಸಿನ ಹಪ್ಪಳ, ಸಂಡಿಗೆ, ಉಪ್ಪುನೀರಿಗೆ ಹಾಕಿದ ಸೊಳೆ, ಭರಣಿ ತುಂಬ ಮಿಡಿ ಉಪ್ಪಿನಕಾಯಿ, ಅಟ್ಟದ ತುಂಬ ಒಣ ಸೌದೆ. ನಾಲ್ಕು ತಿಂಗಳ ಮಳೆಗೆ ಬೇಕಾದ್ದನ್ನು ಬಿಸಿಲಿರುವಾಗಲೇ ಕೂಡಿಡುವ ಕೆಲಸದಲ್ಲಿ ಮಕ್ಕಳೂ ಕೈ ಹಾಕುತ್ತಾರೆ, ಹಪ್ಪಳ ಕಾಯಲು ಕೋಲು ಹಿಡಿದು ಕೂರುತ್ತಾರೆ. ಹಪ್ಪಳದ ಡಬ್ಬ ಎಲ್ಲಿದೆ, ಎಷ್ಟಿದೆ, ಎಷ್ಟು ದಿನಕ್ಕೆ ಬರಬೇಕು ಅನ್ನುವುದು ಅವರಿಗೆ ಗೊತ್ತು. ದುಡ್ಡಿನ ವಿಷಯಕ್ಕೆ ಬಂದಾಗ ಮಾತ್ರ ಅವರನ್ನು ಹೊರಗೆ ಆಡಲು ಕಳಿಸುತ್ತೇವೆ.

ಹೀಗಾಗಿ ಬೆಳೆಯ ಮನೆಗೆ ನನ್ನ ಸಲಹೆ ಪಾಕೆಟ್ ಮನಿಯದ್ದಲ್ಲ. ಹನ್ನೆರಡು ದಾಟಿದ ಮಗುವಿಗೆ ಮಾರ್ಚಿನಲ್ಲೇ, ಬೆಳೆ ಮಾರಿದ ವಾರವೇ, ಶಾಲೆ ಶುರುವಿನ ಖರ್ಚಿನ ದುಡ್ಡನ್ನು ಕೊಟ್ಟುಬಿಡಿ. ಎರಡು ಸಾವಿರವೋ ಮೂರು ಸಾವಿರವೋ, ನಿಮ್ಮ ಶಕ್ತಿಯಷ್ಟು. ಕೊಡೆ, ರೈನ್‌ಕೋಟು, ಚಪ್ಪಲಿ, ಬ್ಯಾಗು, ನೋಟ್‌ಬುಕ್ಕು ಎಲ್ಲ ಅದರಲ್ಲೇ. ಉಳಿದರೆ ಅದು ಮಗುವಿನದು, ಮುಗಿದರೆ ಕೇಳುವಂತಿಲ್ಲ. ಏಪ್ರಿಲ್ ಜಾತ್ರೆ, ಮೇ ತಿಂಗಳ ಮದುವೆ, ಅಜ್ಜಿಮನೆಯ ರಜೆ ಎಲ್ಲ ದಾಟಿ ಜೂನಿನ ತನಕ ಆ ದುಡ್ಡನ್ನು ಕಾಪಾಡುವುದೇ ದೊಡ್ಡ ಪರೀಕ್ಷೆ. ದೊಡ್ಡವರಾದ ನಾವೇ ಆ ಪರೀಕ್ಷೆಯಲ್ಲಿ ಎಷ್ಟೋ ವರ್ಷ ಫೇಲಾಗುತ್ತೇವೆ. ಕಾಸು ಉಳಿಸಲು ತೆಳು ಕಡ್ಡಿಯ ಕೊಡೆ ತಂದವನಿಗೆ ಜುಲೈ ಗಾಳಿ ಉತ್ತರ ಹೇಳುತ್ತದೆ. ಅಣ್ಣನ ಹಳೇ ರೈನ್‌ಕೋಟಿನ ಗುಂಡಿ ಹೊಲಿಸಿ ಹಾಕಿಕೊಂಡವಳು ಉಳಿದ ದುಡ್ಡಿನಲ್ಲಿ ಏನು ಮಾಡಿದಳು ಅನ್ನುವುದನ್ನು ನೋಡಿಕೊಂಡಿದ್ದರೆ ಸಾಕು.

ಬಟವಾಡೆಯ ಮನೆಯ ವಿಷಯದಲ್ಲಿ ಬಾಯಿ ಬಿಡುವ ಮೊದಲು ಯೋಚಿಸಬೇಕು. ತೋಟದ ಕೂಲಿಯವರ ಲೈನ್ ಮನೆಗೆ ಹೋಗಿ ಉಳಿತಾಯದ ಭಾಷಣ ಮಾಡುವ ಅಧಿಕಾರ ನಮ್ಮಂಥವರಿಗಿಲ್ಲ. ಅಲ್ಲಿನ ಮಕ್ಕಳಿಗೆ ದುಡ್ಡಿನ ಬೆಲೆ ನಮ್ಮ ಮಕ್ಕಳಿಗಿಂತ ಚೆನ್ನಾಗಿ ಗೊತ್ತು. ಅವ್ವ ಇವತ್ತು ಎಷ್ಟು ಕೆಜಿ ಹಣ್ಣು ಕೊಯ್ದಳು, ಕೆಜಿಗೆ ಎಷ್ಟು, ರೈಟರ ಪುಸ್ತಕದಲ್ಲಿ ಎಷ್ಟು ಬರೆದರು, ಅಂಗಡಿ ಸಾಲದ ಪುಸ್ತಕದಲ್ಲಿ ಎಷ್ಟಿದೆ, ಎಲ್ಲವೂ ಬಾಯಿಪಾಠ. ಕೊಯ್ಲಿನ ಕಾಲದಲ್ಲಿ ಕೆಜಿ ಲೆಕ್ಕದಲ್ಲಿ ಕೈ ತುಂಬ ಸಿಗುತ್ತದೆ, ಮಳೆಗಾಲದಲ್ಲಿ ಕೆಲಸವೇ ಕಮ್ಮಿ. ವಾರದ ಕೂಲಿಗೂ ಒಂದು ಋತುಮಾನವಿದೆ ಅಂತ ಆ ಮಕ್ಕಳು ನಮಗೇ ಹೇಳಿಕೊಟ್ಟಾರು. ಅಸ್ಸಾಮು, ಜಾರ್ಖಂಡಿನಿಂದ ಬಂದ ಕುಟುಂಬಗಳ ಮಕ್ಕಳು ಈಗ ನಮ್ಮ ಕನ್ನಡ ಶಾಲೆಗಳಲ್ಲಿದ್ದಾರೆ. ಊರಿನ ಅಜ್ಜಿಗೆ ಫೋನಿನಲ್ಲಿ ದುಡ್ಡು ಹೋದದ್ದನ್ನು ನೋಡಿ ಬೆಳೆಯುವ ಮಕ್ಕಳು ಅವರು. ಆ ಮನೆಗಳಿಗೆ ಬೇಕಿರುವುದು ಸರಿಯಾದ ಕೂಲಿ, ಹತ್ತಿರದಲ್ಲೊಂದು ನಡೆಯುವ ಶಾಲೆ. ಇನ್ನೊಂದು ಮಾತು: ಹದಿನಾಲ್ಕು ವರ್ಷದೊಳಗಿನ ಮಗುವನ್ನು ಬೇರೆಯವರ ತೋಟದ ಕೊಯ್ಲಿಗೆ ಇಳಿಸುವಂತಿಲ್ಲ. ಬಾಲಕಾರ್ಮಿಕ ಕಾಯ್ದೆಯ 2016ರ ತಿದ್ದುಪಡಿಯಲ್ಲಿ ವಿನಾಯಿತಿ ಇರುವುದು ಸ್ವಂತ ಮನೆಯ ಕೆಲಸಕ್ಕೆ, ಅದೂ ಶಾಲೆ ಬಿಟ್ಟ ಮೇಲೆ ಅಥವಾ ರಜೆಯಲ್ಲಿ. 'ದುಡಿದು ಕಲಿಯಲಿ' ಅನ್ನುವ ಮಾತನ್ನು ಕೂಲಿ ಉಳಿಸಲು ಬಳಸುವವರು ಇದ್ದಾರೆ, ಅದಕ್ಕೇ ಹೇಳಬೇಕಾಯಿತು.

ಮೂರೂ ಮನೆಯ ಮಕ್ಕಳನ್ನು ಒಂದೇ ಕಡೆ ನೋಡಬೇಕಿದ್ದರೆ ಸರ್ಕಾರಿ ಶಾಲೆಗಳಲ್ಲಿ ನಡೆಯುವ ಮಕ್ಕಳ ಸಂತೆಗೆ ಹೋಗಬೇಕು. ಮೆಟ್ರಿಕ್ ಮೇಳ ಅಂತಲೂ ಕರೆಯುತ್ತಾರೆ. ಇಂಥ ಒಂದು ಸಂತೆ ನಡೆದದ್ದು ಜನವರಿಯ ಒಂದು ಬೆಳಿಗ್ಗೆ, ನಮ್ಮ ಹತ್ತಿರದ ಶಾಲೆಯ ಅಂಗಳದಲ್ಲಿ. ಗೋಣಿತಾಟು ಹಾಸಿ ಕಿತ್ತಳೆ, ಚಕ್ಕೋತ, ಬಾಳೆಕಾಯಿ, ನಿಂಬೆ, ಕೆಸುವಿನ ಸೊಪ್ಪು, ನಾಟಿಕೋಳಿ ಮೊಟ್ಟೆ ಇಟ್ಟುಕೊಂಡು ಮಕ್ಕಳು ಕೂತಿದ್ದರು. ನಾಲ್ಕು ಹುಡುಗರು ಸೇರಿ ಚರುಮುರಿ ಅಂಗಡಿ ಹಾಕಿದ್ದರು. ಮಂಡಕ್ಕಿ, ಈರುಳ್ಳಿ, ಎಣ್ಣೆಗೆ 260 ಹಾಕಿ, 400 ದುಡಿದು, ಉಳಿದ 140ನ್ನು ನಾಲ್ಕು ಪಾಲು ಮಾಡುವಾಗ ಈರುಳ್ಳಿ ಹೆಚ್ಚಿದವನು ತನಗೆ ಜಾಸ್ತಿ ಬರಬೇಕು ಅಂತ ಹಟ ಹಿಡಿದಿದ್ದ. ಕಣ್ಣಲ್ಲಿ ನೀರು ಬಂದದ್ದು ತನಗೇ ಅನ್ನುವುದು ಅವನ ವಾದ. ಜೀರಿಗೆ ಮೆಣಸನ್ನು ಸಣ್ಣ ಸಣ್ಣ ಪೊಟ್ಟಣ ಕಟ್ಟಿ ಹತ್ತು ರೂಪಾಯಿಗೊಂದರಂತೆ ಇಟ್ಟಿದ್ದ ಹುಡುಗಿಯ ಸರಕು ಅರ್ಧ ಗಂಟೆಯಲ್ಲಿ ಖಾಲಿ. ಇನ್ನೂರು ರೂಪಾಯಿ ಎಣಿಸುತ್ತಿದ್ದಳು.

'ಲಾಭ ಎಷ್ಟು?' ಅಂತ ಕೇಳಿದರು ಟೀಚರು.

'ಎಲ್ಲಾ ಲಾಭನೇ ಟೀಚರ್.'

'ಮೆಣಸು ಕೊಯ್ದಿದ್ದು ಯಾರು?'

'ಅಜ್ಜಿ.'

'ಅಜ್ಜಿ ಕೂಲಿ ಎಷ್ಟು?'

ಹುಡುಗಿ ನಕ್ಕಳು. 'ಅಜ್ಜಿ ಕೂಲಿ ತಗೊಳಲ್ಲ ಟೀಚರ್.'

ಎಲ್ಲರೂ ನಕ್ಕರು. ಟೀಚರು ಮಾತ್ರ ನಗದೆ ಸೀಮೆಸುಣ್ಣ ತೆಗೆದುಕೊಂಡು ಗೋಡೆಯ ಬೋರ್ಡಿನಲ್ಲಿ 'ಅಜ್ಜಿಯ ಕೂಲಿ' ಅಂತ ಬರೆದು, ಮುಂದೆ ಜಾಗ ಖಾಲಿ ಬಿಟ್ಟರು. ತೋಟದ ಎಷ್ಟೋ ಲೆಕ್ಕದ ಪುಸ್ತಕಗಳಲ್ಲಿ ಇಲ್ಲದ ಸಾಲು ಅದು. ಮಧ್ಯಾಹ್ನದ ಊಟದ ಗಂಟೆ ಹೊಡೆಯುವ ಹೊತ್ತಿಗೆ ಹತ್ತು ರೂಪಾಯಿಗೆ ಎರಡಿದ್ದ ಕಿತ್ತಳೆ ನಾಲ್ಕಾಗಿತ್ತು. ಮಾರದೆ ಉಳಿದದ್ದನ್ನು ಚೀಲಕ್ಕೆ ತುಂಬುತ್ತಿದ್ದ ಹುಡುಗನ ಮುಖ ನೋಡಿದರೆ, ಬೆಲೆ ಬೀಳುವುದು ಅಂದರೇನು ಅಂತ ಅವನಿಗೆ ಬೇರೆ ಯಾರೂ ಹೇಳಬೇಕಿರಲಿಲ್ಲ.

ಈ ಶಾಲೆಗಳ ಮಾತು ಬಂದದ್ದರಿಂದ, ಎಲ್ಲರಿಗೂ ಹಿಡಿಸದ ಒಂದು ವಿಷಯ. ಐದು ರೂಪಾಯಿ ಚಾಕೊಲೇಟಿಗೆ, ಕುರುಕುರೆ ಪೊಟ್ಟಣಕ್ಕೆ ನಾವು ಮಕ್ಕಳನ್ನು ಗದರುತ್ತೇವೆ. ಮನೆಯ ದೊಡ್ಡ ಖರ್ಚು ಅಲ್ಲಿಲ್ಲ. ವ್ಯಾನಿನ ಬಾಡಿಗೆ, ಡೊನೇಷನ್ನು, ಪೇಟೆಯಲ್ಲೊಂದು ಬಾಡಿಗೆ ಮನೆ ಮಾಡಿ ತಾಯಿ ಮಕ್ಕಳು ಅಲ್ಲಿ, ಅಪ್ಪ ತೋಟದಲ್ಲಿ ಒಬ್ಬನೇ. ಈ ವ್ಯವಸ್ಥೆಗೆ ಹೋಗುವ ದುಡ್ಡಿನ ಮುಂದೆ ಚಾಕೊಲೇಟು ಯಾವ ಲೆಕ್ಕ? ಊರ ಸರ್ಕಾರಿ ಶಾಲೆಯಲ್ಲಿ ಪುಸ್ತಕ, ಸಮವಸ್ತ್ರ, ಬಿಸಿಯೂಟ, ಹಾಲು ಎಲ್ಲವೂ ಉಚಿತ. ಆರನೇ ತರಗತಿಗೆ ಪರೀಕ್ಷೆ ಬರೆದು ನವೋದಯಕ್ಕೋ ಮೊರಾರ್ಜಿ ದೇಸಾಯಿ ವಸತಿ ಶಾಲೆಗೋ ಹೋಗುವ ದಾರಿಯೂ ಇದೆ. ಎಲ್ಲ ಸರ್ಕಾರಿ ಶಾಲೆಯೂ ಚೆನ್ನಾಗಿದೆ ಅಂತ ನಾನು ಹೇಳುವುದಿಲ್ಲ. ಮೇಷ್ಟ್ರೇ ಇಲ್ಲದ ಶಾಲೆಗೆ ಮಗುವನ್ನು ಕಳಿಸಿ ಅನ್ನುವುದು ಅನ್ಯಾಯ. ಆದರೆ ಸಾಲ ಮಾಡಿ ದೂರದ ಶಾಲೆಗೆ ಹಾಕುವ ಮುನ್ನ ಹತ್ತಿರದ ಶಾಲೆಯ ಒಳಗೆ ಒಂದು ದಿನವಾದರೂ ಕಾಲಿಟ್ಟು ನೋಡಿದ್ದೇವಾ?

ಇನ್ನು ಬ್ಯಾಂಕಿನ ವಿಷಯ. ಘಟ್ಟದ ಕೆಳಗಿನ ಉಡುಪಿ ಸೀಮೆಯೇ ಸಣ್ಣ ಉಳಿತಾಯದ ತವರು. 1928ರಲ್ಲಿ, ಮುಂದೆ ಸಿಂಡಿಕೇಟ್ ಬ್ಯಾಂಕ್ ಆದ ಸಂಸ್ಥೆ ಪಿಗ್ಮಿ ಯೋಜನೆ ತಂದು, ದಿನಕ್ಕೆ ಎರಡಾಣೆಯನ್ನೂ ಮನೆಬಾಗಿಲಿಗೆ ಬಂದು ಕಟ್ಟಿಸಿಕೊಂಡಿತು. ಪಿಗ್ಮಿ ಕಟ್ಟುವ ಅಭ್ಯಾಸ ಘಟ್ಟ ಹತ್ತಿ ನಮ್ಮ ಅಂಗಡಿ ಸಾಲುಗಳಿಗೂ ಬಂತು. ಈಗ ಹತ್ತು ವರ್ಷ ದಾಟಿದ ಮಗು ತನ್ನದೇ ಹೆಸರಿನಲ್ಲಿ ಖಾತೆ ತೆರೆದು, ತಾನೇ ಸಹಿ ಹಾಕಿ ನಡೆಸಬಹುದು. ಬ್ಯಾಂಕಿನಲ್ಲೂ ಆಗುತ್ತದೆ, ಅಂಚೆ ಕಚೇರಿಯಲ್ಲೂ ಆಗುತ್ತದೆ. ಹತ್ತು ತುಂಬದ ಹೆಣ್ಣುಮಗುವಿದ್ದರೆ ಸುಕನ್ಯಾ ಸಮೃದ್ಧಿ ಇದೆ. ವರ್ಷಕ್ಕೆ ಕನಿಷ್ಠ 250 ರೂಪಾಯಿ ಸಾಕು. ತಿಂಗಳಿಗೆ 250ರಂತೆ ಹದಿನೈದು ವರ್ಷ ಕಟ್ಟಿದರೆ 45 ಸಾವಿರವಾಯಿತು; ಶೇಕಡಾ 8.2ರ ಬಡ್ಡಿ ಹಾಗೇ ಇದ್ದರೆ ಖಾತೆ ತೆರೆದ ಇಪ್ಪತ್ತೊಂದನೇ ವರ್ಷಕ್ಕೆ ಸುಮಾರು 1.38 ಲಕ್ಷ. ದರವನ್ನು ಸರ್ಕಾರ ಮೂರು ತಿಂಗಳಿಗೊಮ್ಮೆ ನೋಡಿ ನಿಗದಿ ಮಾಡುತ್ತದೆ, ಆದ್ದರಿಂದ ಈ ಅಂಕಿ ಹೆಚ್ಚು ಕಡಿಮೆಯಾದೀತು. ಬೆಳೆಯ ಮನೆಯವರು ತಿಂಗಳು ತಿಂಗಳು ಕಟ್ಟಬೇಕೆಂದೇನಿಲ್ಲ, ಮಾರ್ಚಿನಲ್ಲಿ ಇಡೀ ವರ್ಷದ್ದನ್ನು ಒಮ್ಮೆಗೇ ಕಟ್ಟಬಹುದು. ಫೋನಿನಲ್ಲಿ ಸ್ಕ್ಯಾನ್ ಮಾಡಿ ಕೊಡುವ ದುಡ್ಡು ಮಗುವಿನ ಕಣ್ಣಿಗೆ ಕಾಣುವುದಿಲ್ಲ. ಪಾಸ್‌ಬುಕ್ಕಿನ ಸಾಲು ಕಾಣುತ್ತದೆ. ಕುದುರೆಮುಖದ ಕಡೆ ನೆಟ್‌ವರ್ಕ್ ಹೋದಾಗ ಹೇಗೂ ನೋಟೇ ಗತಿ, ಆದ್ದರಿಂದ ಚಿಲ್ಲರೆ ಎಣಿಸುವುದನ್ನೂ ಕಲಿಸಿಡುವುದು ಒಳ್ಳೆಯದು.

ಈ ಸಲದ ಕಾಫಿ ಮಾರುವ ದಿನ ಮಗುವಿಗೆ ಶಾಲೆ ಇಲ್ಲದಿದ್ದರೆ ತೂಕದ ಹತ್ತಿರ ನಿಲ್ಲಿಸಿಕೊಳ್ಳಿ. ಓಟಿ ಎಷ್ಟು ಬಂತು, ದರ ಎಷ್ಟು, ಮುಂಗಡ ಎಷ್ಟು ಮುರಿದುಕೊಂಡರು ಅನ್ನುವುದನ್ನು ಅದರ ಕೈಯಲ್ಲೇ ಬರೆಸಿ. ಹತ್ತು ದಾಟಿದ್ದರೆ ಅದೇ ವಾರ ಆಧಾರ್ ಕಾರ್ಡು, ಫೋಟೋ ಹಿಡಿದು ಅಂಚೆ ಕಚೇರಿಗೆ ಕರೆದುಕೊಂಡು ಹೋಗಿ. ಅಲ್ಲಿ ಉಳಿತಾಯ ಖಾತೆ ತೆರೆಯಲು ಐನೂರು ರೂಪಾಯಿ ಸಾಕು.